ಯೂಟ್ಯೂಬ್ ಸ್ಟುಡಿಯೋದ ‘ಟೆಸ್ಟ್ ಅಂಡ್ ಕಂಪೇರ್’: ಕನ್ನಡ ಚಾನೆಲ್‌ನವರಿಗೆ ಎಷ್ಟು ಉಪಯೋಗ?

ಕನ್ನಡದಲ್ಲಿ ಅಡುಗೆ, ಕೃಷಿ, ಪ್ರವಾಸದ ಚಾನೆಲ್ ನಡೆಸುವ ನಾವು ಥಂಬ್‌ನೇಲ್ (ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರ) ವಿಷಯಕ್ಕೆ ಬಂದರೆ ಇವತ್ತಿಗೂ ಅಂದಾಜಿನ ಮೇಲೇ ನಡೆಯುತ್ತೇವೆ. ಪಕ್ಕದ ಚಾನೆಲ್‌ನವರು ಕೆಂಪು ಬಾಣ ಹಾಕಿದರೆ ನಾವೂ ಹಾಕುತ್ತೇವೆ. ಅವರು ಬಾಯಿ ತೆರೆದು ಗಾಬರಿಯಾದ ಮುಖ ಇಟ್ಟರೆ ನಮ್ಮದೂ ಹಾಗೇ ಇರಲಿ ಅಂದುಕೊಳ್ಳುತ್ತೇವೆ. ಅದು ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡುವ ದಾರಿ ಈಗ ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೋದ ಒಳಗೇ ಇದೆ, ಅದೂ ಪುಕ್ಕಟೆ. ಅದೇ ‘ಟೆಸ್ಟ್ ಅಂಡ್ ಕಂಪೇರ್’. 2024ರಲ್ಲಿ ಇದು ಹೆಚ್ಚಿನವರಿಗೆ ಸಿಗಲು ಶುರುವಾಯಿತು. ನನ್ನ ಅಡುಗೆ ಚಾನೆಲ್‌ನಲ್ಲಿ ಬಳಸಿ ನೋಡಿದ್ದೇನೆ, ತುಂಬಾ ಇಷ್ಟವಾಗಿದೆ.

ಒಂದು ವಿಡಿಯೋಗೆ ಮೂರು ಥಂಬ್‌ನೇಲ್‌ವರೆಗೆ ಕೊಡಬಹುದು. ಯೂಟ್ಯೂಬ್ ಅವನ್ನು ನೋಡುಗರ ನಡುವೆ ಹಂಚಿ ತೋರಿಸುತ್ತದೆ. ಪರೀಕ್ಷೆ ಎರಡು ವಾರದವರೆಗೂ ನಡೆಯಬಹುದು. ಗೆದ್ದದ್ದು ತಾನಾಗೇ ಉಳಿಯುತ್ತದೆ. ಯಾವುದೂ ಸ್ಪಷ್ಟವಾಗಿ ಗೆಲ್ಲದಿದ್ದರೆ ಮೊದಲು ಹಾಕಿದ್ದೇ ಉಳಿಯುತ್ತದೆ, ಹಾಗಾಗಿ ನಿಮಗೆ ಜಾಸ್ತಿ ನಂಬಿಕೆ ಇರುವುದನ್ನೇ ಮೊದಲು ಹಾಕಿ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೆಲುವನ್ನು ಅಳೆಯುವ ರೀತಿ. ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದರ ಮೇಲೆ ಇಲ್ಲಿ ತೀರ್ಮಾನ ಆಗುವುದಿಲ್ಲ, ಯಾವ ಥಂಬ್‌ನೇಲ್‌ನಿಂದ ಬಂದವರು ಜಾಸ್ತಿ ಹೊತ್ತು ನೋಡಿದರು ಅನ್ನುವುದರ ಮೇಲೆ ಆಗುತ್ತದೆ. ವ್ಯತ್ಯಾಸ ದೊಡ್ಡದು. ಸುಳ್ಳು ಆಸೆ ತೋರಿಸಿ ಕರೆದರೆ ಜನ ಬರುತ್ತಾರೆ, ಅರ್ಧ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಕ್ಲಿಕ್ ಲೆಕ್ಕದಲ್ಲಿ ಆ ಥಂಬ್‌ನೇಲ್ ಗೆದ್ದಂತೆ ಕಾಣುತ್ತದೆ, ಇಲ್ಲಿ ಸೋಲುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಜೋಳದ ರೊಟ್ಟಿ ತಟ್ಟುವ ವಿಡಿಯೋಗೆ ಮೂರು ಮಾಡಿದ್ದೆ. ಒಂದರಲ್ಲಿ ಹೆಂಚಿನ ಮೇಲೆ ಪೂರಿಯಂತೆ ಉಬ್ಬಿದ ರೊಟ್ಟಿ. ಇನ್ನೊಂದರಲ್ಲಿ ನನ್ನ ಮುಖ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಈ ತಪ್ಪು ಮಾಡಲೇಬೇಡಿ’. ಮೂರನೆಯದರಲ್ಲಿ ಹಿಟ್ಟಿನ ಮೇಲೆ ಅಗಲಿಸಿದ ಕೈ, ಅದರ ಕೆಳಗೆ ಅಂಚು ಒಂಚೂರೂ ಬಿರಿಯದೆ ದುಂಡಗೆ ಹರಡಿದ ರೊಟ್ಟಿ, ಪಕ್ಕದಲ್ಲಿ ಒಂದೇ ಪದ: ‘ಬಿರಿಯಲ್ಲ’. ಗೆದ್ದದ್ದು ಕೈ ಇರುವ ಚಿತ್ರ. ಯೋಚನೆ ಮಾಡಿದರೆ ಸರಿಯಾಗೇ ಇದೆ ಅಲ್ವಾ? ರೊಟ್ಟಿ ಕಲಿಯುವವರ ಕಷ್ಟವೇ ಅಂಚು ಬಿರಿಯುವುದು. ಆ ಕಷ್ಟ ಇದ್ದವರು ಬಂದರು, ಕುದಿಯುವ ನೀರಲ್ಲಿ ಹಿಟ್ಟು ಕಲಸುವಲ್ಲಿಂದ ಕೊನೆಯವರೆಗೂ ಕೂತು ನೋಡಿದರು.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಇಂಗ್ಲಿಷ್ ಥಂಬ್‌ನೇಲ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ಹೋಗಿ ಅಂಟುತ್ತದೆ, ಫೋನಿನಲ್ಲಿ ಓದಲು ಆಗುವುದಿಲ್ಲ. ಸಾಲಿನ ನಡುವೆ ಜಾಸ್ತಿ ಜಾಗ ಬಿಡಿ, ಇಲ್ಲವೇ ಒಂದೇ ಸಾಲು ಬರೆಯಿರಿ. ಅನೇಕ್ ಕನ್ನಡ, ಬಾಲೂ ತಮ್ಮ 2 ಎರಡೂ ಉಚಿತ ಫಾಂಟ್‌ಗಳು, ದಪ್ಪ ರೂಪದಲ್ಲೂ ಒತ್ತಕ್ಷರ ಚೆನ್ನಾಗಿ ಕಾಣುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಏನನ್ನೂ ಬರೆಯಬೇಡಿ, ವಿಡಿಯೋ ಎಷ್ಟು ನಿಮಿಷ ಅನ್ನುವ ಕಪ್ಪು ಚೌಕ ಅಲ್ಲೇ ಬಂದು ಕೂರುತ್ತದೆ. ಅಳತೆ ಕನಿಷ್ಠ 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರ ಇರಲಿ. ಪರೀಕ್ಷೆಗೆ ಹಾಕುವಾಗ ಇದು ಇನ್ನೂ ಮುಖ್ಯ, ಯಾಕೆಂದರೆ ಮೂರರಲ್ಲಿ ಒಂದು ಇದಕ್ಕಿಂತ ಚಿಕ್ಕದಿದ್ದರೂ ಮೂರನ್ನೂ 480 ಪಿಕ್ಸೆಲ್ ಎತ್ತರಕ್ಕೆ ಇಳಿಸಿ ತೋರಿಸುತ್ತಾರೆ.

ಟೈಟಲ್ ಕಥೆ ಬೇರೆ. ಮಿತಿ 100 ಅಕ್ಷರ, ಆದರೆ ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ರೊಟ್ಟಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಅಲ್ಲಿ ಆರು. ಹಾಗಾಗಿ ಮಿತಿ ಬೇಗ ಮುಗಿಯುತ್ತದೆ. ಫೋನಿನಲ್ಲಂತೂ ಉದ್ದದ ಟೈಟಲ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಮುಖ್ಯ ಪದ ಮೊದಲೇ ಬರಬೇಕು. ‘ಎಲ್ಲರಿಗೂ ನಮಸ್ಕಾರ, ಇವತ್ತು ನಮ್ಮ ಮನೆಯಲ್ಲಿ’ ಅಂತ ಶುರು ಮಾಡಿದರೆ ರೊಟ್ಟಿ ಕಾಣುವುದೇ ಇಲ್ಲ. ‘ಜೋಳದ ರೊಟ್ಟಿ ಅಂಚು ಬಿರಿಯದಂತೆ ತಟ್ಟುವುದು ಹೇಗೆ’ ಅಂದರೆ ಸಾಕು. ಥಂಬ್‌ನೇಲ್‌ನಲ್ಲಿ ಬರೆದದ್ದನ್ನೇ ಟೈಟಲ್‌ನಲ್ಲಿ ಮತ್ತೆ ಬರೆದು ಜಾಗ ಸುಮ್ನೆ ಹಾಳು ಮಾಡಬೇಡಿ. ಟೈಟಲ್‌ಗಳನ್ನೂ ಹೀಗೇ ಪರೀಕ್ಷಿಸುವ ಸೌಲಭ್ಯವನ್ನು ಯೂಟ್ಯೂಬ್ 2025ರಲ್ಲಿ ಪ್ರಕಟಿಸಿತು. ನಮ್ಮ ಭಾಷೆಗೆ ಅದು ತುಂಬಾ ಬೇಕಾಗಿತ್ತು.

ಕೊರತೆಗಳೂ ಇವೆ. ಸಣ್ಣ ಚಾನೆಲ್‌ಗೆ ನೋಡುಗರು ಕಡಿಮೆ ಇದ್ದರೆ ಎರಡು ವಾರ ಕಾದರೂ ‘ತೀರ್ಮಾನ ಆಗಲಿಲ್ಲ’ ಅಂತಲೇ ಬರಬಹುದು. ಮೂರೂ ಚಿತ್ರ ಹೆಚ್ಚುಕಮ್ಮಿ ಒಂದೇ ಥರ ಇದ್ದರೂ ಹಾಗೇ. ಹಿನ್ನೆಲೆಯ ಬಣ್ಣ ಮಾತ್ರ ಬದಲಿಸಿದರೆ ಪ್ರಯೋಜನ ಇಲ್ಲ, ವಿಷಯವನ್ನೇ ಬೇರೆ ಬೇರೆಯಾಗಿ ತೋರಿಸಬೇಕು. ಶಾರ್ಟ್ಸ್‌ಗೆ ಇದು ಸಿಗುವುದಿಲ್ಲ, ಮಕ್ಕಳಿಗಾಗಿ ಅಂತ ಗುರುತು ಹಾಕಿದ ವಿಡಿಯೋಗೂ ಇಲ್ಲ. ಕನ್ನಡದಲ್ಲಿ ಮಕ್ಕಳ ಕಥೆ, ಹಾಡು ಮಾಡುವವರು ತುಂಬಾ ಜನ ಇದ್ದಾರೆ, ಅವರನ್ನು ಹೊರಗಿಟ್ಟಿದ್ದು ನನಗೆ ಬೇಸರದ ವಿಷಯ. ಇನ್ನು ಫಲಿತಾಂಶದಲ್ಲಿ ಯಾವುದು ಗೆದ್ದಿತು ಅಂತ ತಿಳಿಯುತ್ತದೆ, ಯಾಕೆ ಗೆದ್ದಿತು ಅಂತ ನಾವೇ ಕೂತು ಯೋಚಿಸಬೇಕು.

ಸುದ್ದಿ ಚಾನೆಲ್‌ನವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಥಂಬ್‌ನೇಲ್‌ನಲ್ಲಿ, ಟೈಟಲ್‌ನಲ್ಲಿ ಹೇಳಿದ್ದು ವಿಡಿಯೋದಲ್ಲಿ ಇಲ್ಲದಿದ್ದರೆ, ಅದರಲ್ಲೂ ಬ್ರೇಕಿಂಗ್ ನ್ಯೂಸ್ ವಿಷಯದಲ್ಲಿ, ಅಂಥ ವಿಡಿಯೋಗಳ ಮೇಲೆ ಭಾರತದಲ್ಲಿ ಕ್ರಮ ಬಿಗಿ ಮಾಡುತ್ತೇವೆ ಅಂತ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ರಾಜೀನಾಮೆ ಕೊಡದವರಿಂದ ಟೈಟಲ್‌ನಲ್ಲಿ ರಾಜೀನಾಮೆ ಕೊಡಿಸುವ ವಿಡಿಯೋಗಳು ನೋಡುಗರ ನಂಬಿಕೆಯನ್ನೇ ತಿನ್ನುತ್ತವೆ.

ಶುರು ಮಾಡುವವರು ಹೊಸ ವಿಡಿಯೋಗೆ ಕಾಯಬೇಕಿಲ್ಲ. ಹುಡುಕಾಟದಿಂದ ಇವತ್ತಿಗೂ ಜನ ಬರುತ್ತಿರುವ ಹಳೆಯ ವಿಡಿಯೋ ಒಂದನ್ನು ಆರಿಸಿ, ಕಂಪ್ಯೂಟರ್‌ನಲ್ಲಿ ಸ್ಟುಡಿಯೋ ತೆರೆದು ಅದರ ಥಂಬ್‌ನೇಲ್ ಜಾಗದಲ್ಲಿ ಈ ಆಯ್ಕೆ ಹುಡುಕಿ, ಈಗ ಅದು ‘A/B ಟೆಸ್ಟಿಂಗ್’ ಅನ್ನುವ ಹೆಸರಲ್ಲಿ ಕಾಣಬಹುದು. ಕಾಣಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಫೀಚರ್ಸ್ ಇನ್ನೂ ಆನ್ ಆಗಿರದೆ ಇರಬಹುದು. ಅದಕ್ಕೆ ಫೋನ್ ನಂಬರ್ ಜೊತೆ ಗುರುತಿನ ಚೀಟಿ ಅಥವಾ ಮುಖದ ವಿಡಿಯೋ ಕೊಡಬೇಕು, ಕೊಡಲು ಇಷ್ಟ ಇಲ್ಲದವರು ಚಾನೆಲ್‌ಗೆ ಸಾಕಷ್ಟು ಇತಿಹಾಸ ಸೇರುವವರೆಗೆ ಕಾಯಬೇಕು.