ಅಂಬಾಸಿಡರಿನ ಪಾಯಿಂಟ್ ಬೇಗ ಸವೆಯುತ್ತಿದ್ದುದು ಏಕೆ: ಎರಡು ಸೆಟ್, ಒಂದು ರಿಪೇರಿ

ಉಡುಪಿಯಿಂದ ಶಿವಮೊಗ್ಗಕ್ಕೆ ಮರಳುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತತೊಡಗಿದ ನಮ್ಮ 1977ರ ಅಂಬಾಸಿಡರ್ ಮಾರ್ಕ್ 3, ಹದಿನಾಲ್ಕು ತಿರುವುಗಳ ಪೈಕಿ ಐದನೆಯದಕ್ಕೇ ಎಳೆಯುವುದನ್ನು ಬಿಟ್ಟಿತು. ಎರಡನೇ ಗೇರಿನಲ್ಲೂ ಮಿಸ್ಸಿಂಗ್, ಸೈಲೆನ್ಸರಿನಲ್ಲಿ ಪಟಪಟ ಸದ್ದು, ಟೆಂಪರೇಚರ್ ಮುಳ್ಳು ಮೇಲಕ್ಕೆ. ಬದಿಗೆ ನಿಲ್ಲಿಸಿ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ನೋಡಿದರೆ, ಪಾಯಿಂಟಿನ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚಿನ) ಸಂದಿನಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಕೂಡ ನುಸುಳುತ್ತಿರಲಿಲ್ಲ. ಆ ಸೆಟ್ ಹಾಕಿಸಿ ಓಡಿದ್ದು ಬರೀ 1,100 ಕಿಲೋಮೀಟರ್. ಒಂದೂವರೆ ವರ್ಷದಲ್ಲಿ ಅದು ಮೂರನೆಯ ಸೆಟ್. ಅಪ್ಪ ಓಡಿಸುತ್ತಿದ್ದ ಕಾಲದಲ್ಲಿ ಇದೇ ಗಾಡಿಯಲ್ಲಿ ಒಂದು ಸೆಟ್ ಹತ್ತು ಸಾವಿರ ಕಿಲೋಮೀಟರ್ ಬಾಳುತ್ತಿತ್ತು. ಸವೆದ ಆ ಸೆಟ್, ಅನಂತರ ಹಾಕಿಸಿದ ಇನ್ನೊಂದು ಸೆಟ್, ಮತ್ತು ಇವೆರಡರ ನಡುವೆ ಮಾಡಿಸಿದ ಡಿಸ್ಟ್ರಿಬ್ಯೂಟರ್ ರಿಪೇರಿ, ಈ ಮೂರರ ಬಗ್ಗೆ ನನ್ನ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಸವೆದ ಸೆಟ್ಟಿನ ವಿಚಾರ. ತಯಾರಕರ ಹೆಸರಿಲ್ಲದ ರಟ್ಟಿನ ಡಬ್ಬಿಯಲ್ಲಿ, ಪಾಯಿಂಟ್ ಮತ್ತು ಕಂಡೆನ್ಸರ್ ಜೊತೆಯಾಗಿ 220 ರೂಪಾಯಿಗೆ ಬಂದದ್ದು. ಹೊರಗಿನಿಂದ ನೋಡಿದರೆ ಹೊಳಪಿತ್ತು. ಆದರೆ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದಾಗ ಎರಡು ಪಾಯಿಂಟುಗಳ ಮುಖ ಸರಿಯಾಗಿ ಎದುರುಬದುರು ಕೂರದೆ, ಒಂದು ಅಂಚಿನಲ್ಲಿ ಮಾತ್ರ ತಾಗುತ್ತಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು. ಇಡೀ ಮುಖದ ಮೇಲೆ ಹರಡಬೇಕಾದ ಕರೆಂಟ್ ಒಂದು ಅಂಚಿನಲ್ಲೇ ಹರಿದರೆ ಅಲ್ಲಿ ಟಂಗ್‌ಸ್ಟನ್ ಸುಡುವುದು ಸಹಜ. ತಿರುಗುತ್ತ ಪಾಯಿಂಟನ್ನು ತೆರೆಯುವ ನಾಲ್ಕು ಮೂಲೆಯ ಕ್ಯಾಮಿಗೆ ಉಜ್ಜುವ ಫೈಬರ್ ಹೀಲ್ ಕೂಡ ಮೆದುವಾಗಿತ್ತು, ಉಗುರಿನಿಂದ ಒತ್ತಿದರೆ ಗೆರೆ ಮೂಡುತ್ತಿತ್ತು. ಇಷ್ಟನ್ನು ಕಂಡ ಮೇಲೆ ತಪ್ಪೆಲ್ಲವನ್ನೂ ಆ ಡಬ್ಬಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ನಾಲ್ಕನೆಯ ಸೆಟ್ಟೂ ಅದೇ ದಾರಿ ಹಿಡಿಯುತ್ತಿತ್ತು.

ಪರಿಚಿತರೊಬ್ಬರು ಹೇಳಿದ ಮೇಲೆ ಶಿವಮೊಗ್ಗದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಗಾಡಿ ಒಯ್ದೆ. ಬೋರ್ಡಿಲ್ಲದ, ಒಂದೇ ಷಟರಿನ ಅಂಗಡಿ. ಹಳೆಯ ಪಾಯಿಂಟನ್ನು ಗುಜರಿಗೆ ಹಾಕಲು ಹೊರಟಿದ್ದ ನನ್ನನ್ನು ತಡೆದು ಅವರು ಹೇಳಿದ್ದು: “ಬಿಸಾಕ್ಬೇಡಿ ಸಾರ್, ಇದರ ಮುಖ ನೋಡಿದ್ರೆ ರೋಗ ಎಲ್ಲಿದೆ ಅಂತ ಗೊತ್ತಾಗುತ್ತೆ.” ಕಿಟಕಿಯ ಬಳಿ ಕೂತು, ವಾಚ್ ರಿಪೇರಿಯವರು ಬಳಸುವ ಭೂತಗನ್ನಡಿಯಲ್ಲಿ ಆ ಎರಡು ಚಿಕ್ಕ ಬಿಲ್ಲೆಗಳನ್ನು ಐದು ನಿಮಿಷ ನೋಡಿದರು, ಆಮೇಲೆ ನನ್ನ ಕೈಗೂ ಕೊಟ್ಟರು. ಪ್ಲೇಟಿಗೆ ಕೂತಿರುವ ಸ್ಥಿರ ಪಾಯಿಂಟಿನ ನಡುವೆ ಸೂಜಿಯಲ್ಲಿ ಅಗೆದಂಥ ಕುಳಿ. ತೋಳಿನ ತುದಿಯ ಪಾಯಿಂಟಿನಲ್ಲಿ ಅದೇ ಆಕಾರದ ಗುಬುಟು. ಎರಡರ ಸುತ್ತಲೂ ನೀಲಿ ಬಣ್ಣ. ಆ ಹಿರಿಯರ ಪ್ರಕಾರ ಕುಳಿ ಮತ್ತು ಗುಬುಟು ಒಂದು ದೋಷದ ಗುರುತು, ನೀಲಿ ಬಣ್ಣ ಇನ್ನೊಂದರ ಗುರುತು.

ಇದನ್ನು ಅರ್ಥ ಮಾಡಿಕೊಳ್ಳಲು ಪಾಯಿಂಟಿನ ಕೆಲಸವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಾಯಿಂಟ್ 6,000 ಬಾರಿ, ಎಂದರೆ ಸೆಕೆಂಡಿಗೆ ನೂರು ಬಾರಿ, ತೆರೆದು ಮುಚ್ಚುತ್ತದೆ. ಪ್ರತಿ ಬಾರಿ ತೆರೆದಾಗಲೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ) ಸುತ್ತಿನಲ್ಲಿ ಇನ್ನೂರು ಮುನ್ನೂರು ವೋಲ್ಟ್ ಒಮ್ಮೆಲೇ ಎದ್ದು, ಆಗತಾನೇ ತೆರೆದ ಸಂದಿನಲ್ಲಿ ಕಿಡಿಯಾಗಿ ಹಾರಲು ನೋಡುತ್ತದೆ. ಆ ಹೊಡೆತವನ್ನು ತನ್ನೊಳಗೆ ಎಳೆದುಕೊಂಡು ಪಾಯಿಂಟನ್ನು ಕಾಯುವುದು ಕಂಡೆನ್ಸರ್. ಅದರ ಸಾಮರ್ಥ್ಯ ಈ ಡಿಸ್ಟ್ರಿಬ್ಯೂಟರಿಗೆ 0.18ರಿಂದ 0.24 ಮೈಕ್ರೋಫ್ಯಾರಡ್ ಇರಬೇಕು. ಸಾಮರ್ಥ್ಯ ಹೆಚ್ಚುಕಡಿಮೆಯಾದರೆ ಲೋಹ ಒಂದು ಪಾಯಿಂಟಿನಿಂದ ಕಿತ್ತು ಇನ್ನೊಂದಕ್ಕೆ ಅಂಟುತ್ತ ಹೋಗುತ್ತದೆ. ನಮ್ಮ ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಅರ್ತ್ ಆಗಿರುವುದರಿಂದ ಸ್ಥಿರ ಪಾಯಿಂಟ್ ನೆಗೆಟಿವ್ ಕಡೆಯದು. ಆ ಕಡೆ ಲೋಹ ಕಳೆದುಕೊಂಡು ಕುಳಿ ಬಿದ್ದಿದ್ದರೆ ಕಂಡೆನ್ಸರಿನ ಸಾಮರ್ಥ್ಯ ಸಾಲದು ಎಂದರ್ಥ, ಗುಬುಟು ಆ ಕಡೆ ಇದ್ದರೆ ಸಾಮರ್ಥ್ಯ ಹೆಚ್ಚಾಗಿದೆ ಎಂದರ್ಥ. ಪಾಸಿಟಿವ್ ಅರ್ತ್ ಇರುವ ಹಳೆಯ ಗಾಡಿಗಳಲ್ಲಿ ಇದನ್ನು ತಿರುವುಮುರುವು ಮಾಡಿ ಓದಬೇಕು. ಮೀಟರ್ ಹಚ್ಚಿದಾಗ ಆ ಡಬ್ಬಿಯ ಕಂಡೆನ್ಸರ್ ತೋರಿಸಿದ್ದು 0.11.

ನೀಲಿ ಬಣ್ಣಕ್ಕೆ ಕಾರಣ ಕಾಯಿಲ್. ಎರಡು ವರ್ಷದ ಹಿಂದೆ ಹಳೆಯ ಕಾಯಿಲ್ ಸತ್ತಾಗ, ‘ಹನ್ನೆರಡು ವೋಲ್ಟಿನದು’ ಎಂದಷ್ಟೇ ಕೇಳಿ ಒಂದು ಅಂಗಡಿಯಲ್ಲಿ ಕೊಂಡಿದ್ದೆ. ಅದು ಕರೆಂಟನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆಗೇ ಬಳಸಬೇಕಾದ ಕಾಯಿಲ್ ಆಗಿತ್ತು. ಪ್ರೈಮರಿಯ ಅಳತೆ 1.5 ಓಮ್. ನಮ್ಮ ಗಾಡಿಯ ವೈರಿಂಗಿನಲ್ಲಿ ಬ್ಯಾಲಸ್ಟ್ ಇಲ್ಲ, ಆದ್ದರಿಂದ ಇಲ್ಲಿಗೆ 3 ಓಮಿಗಿಂತ ಸ್ವಲ್ಪ ಹೆಚ್ಚಿನ ಕಾಯಿಲ್ ಬೇಕು. ಲೆಕ್ಕ ಸರಳ: 12 ವೋಲ್ಟಿಗೆ 3.2 ಓಮ್ ಇದ್ದರೆ ಪಾಯಿಂಟಿನ ಮೂಲಕ ಹೆಚ್ಚೆಂದರೆ ನಾಲ್ಕು ಆಂಪಿಯರ್ ಹೋಗುತ್ತದೆ, 1.5 ಓಮ್ ಇದ್ದರೆ ಎಂಟು. ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ರೇಡಿಯೋ ಕೇಳುತ್ತ ಕೂತರಂತೂ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಆ ಎಂಟು ಆಂಪಿಯರ್ ಎಡೆಬಿಡದೆ ಅದನ್ನು ಕಾಯಿಸುತ್ತಲೇ ಇರುತ್ತದೆ. ಗಾಡಿ ಸ್ಟಾರ್ಟ್ ಆಗಲು ಈ ತಪ್ಪು ಕಾಯಿಲಿನಿಂದ ಯಾವ ತೊಂದರೆಯೂ ಇರಲಿಲ್ಲ, ಕಿಡಿ ಮೊದಲಿಗಿಂತ ಜೋರಾಗಿಯೇ ಬರುತ್ತಿತ್ತು. ಹಾಗಾಗಿಯೇ ಎರಡು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ. ಈ ಹಿರಿಯರ ಕೆಲಸದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಭಾಗಕ್ಕೆ. ಅವರಿಗಿಂತ ಮೊದಲು ಗಾಡಿ ನೋಡಿದ ಇಬ್ಬರು ಮೆಕ್ಯಾನಿಕ್‌ಗಳು ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಸಂದು ಸರಿಮಾಡಿ ಕಳಿಸಿದ್ದರೇ ಹೊರತು ಕಾಯಿಲಿನ ಮೇಲೆ ಮೀಟರ್ ಇಟ್ಟಿರಲಿಲ್ಲ. ಎಮರಿಯ ಕಣಗಳು ಪಾಯಿಂಟಿನ ಮುಖದಲ್ಲೇ ಹುದುಗಿ ಉಳಿದು ಇನ್ನಷ್ಟು ಕಿಡಿ ಎಬ್ಬಿಸುತ್ತವೆ ಎಂಬುದೂ ಆಗಲೇ ತಿಳಿದದ್ದು. ಗುಬುಟೆದ್ದ ಪಾಯಿಂಟಿನ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ ಅದು ಗುಬುಟಿನ ನೆತ್ತಿಗೆ ತಾಗಿ ನಿಲ್ಲುವುದರಿಂದ, ಅವರು ಹಿಡಿದ ಅಳತೆಯೂ ನಿಜವಾದ ಸಂದಿನದಾಗಿರಲಿಲ್ಲ.

ಘಾಟಿಯಲ್ಲಿ ಸಂದು ಮುಚ್ಚಿಹೋಗಿದ್ದಕ್ಕೆ ಮಾತ್ರ ಕಾರಣ ಬೇರೆ. ಮಳೆಗಾಲವೆಲ್ಲ ಷೆಡ್ಡಿನಲ್ಲಿ ನಿಂತ ಗಾಡಿಯ ಕ್ಯಾಮಿನ ಮೇಲೆ ಸಣ್ಣಗೆ ತುಕ್ಕು ಹಿಡಿದಿತ್ತು, ಗ್ರೀಸ್ ಒಣಗಿತ್ತು. ಮೆದು ಹೀಲ್ ಆ ಒರಟು ಕ್ಯಾಮಿಗೆ ಉಜ್ಜಿ ಸವೆದಂತೆ ಸಂದು ಕಿರಿದಾಯಿತು. ಸಂದು ಕಿರಿದಾದಂತೆ ಟೈಮಿಂಗ್, ಎಂದರೆ ಕಿಡಿ ಹಾರುವ ಸಮಯ, ಹಿಂದಕ್ಕೆ ಬಿತ್ತು. ಏರಿನಲ್ಲಿ ಎಳೆತ ಸತ್ತು ಎಂಜಿನ್ ಕಾಯ್ದದ್ದು ಅದರಿಂದಲೇ. ಶಾಫ್ಟಿನ ಬುಷ್ ಸವೆದು ಆಟವೂ ಬಂದಿತ್ತು. ಕ್ಯಾಮಿನ ಒಂದು ಮೂಲೆಯಲ್ಲಿ 14 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ತೋರಿಸಿದ ಸಂದು ಇನ್ನೊಂದು ಮೂಲೆಯಲ್ಲಿ 19 ಥೌ ಇತ್ತು. ಇರಬೇಕಾದದ್ದು ನಾಲ್ಕೂ ಕಡೆ 14ರಿಂದ 16. ಬೇಸ್ ಪ್ಲೇಟನ್ನು ಡಿಸ್ಟ್ರಿಬ್ಯೂಟರ್ ಬಾಡಿಗೆ ಜೋಡಿಸುವ ಸಣ್ಣ ಅರ್ತ್ ವೈರು ಬಟ್ಟೆಯ ಹೊದಿಕೆಯೊಳಗೇ ತುಂಡಾಗಿತ್ತು. ಬುಷ್, ವೈರು ಎರಡನ್ನೂ ಹೊಸದಾಗಿ ಹಾಕಿ, ಕ್ಯಾಮನ್ನು ನುಣುಪು ಮಾಡಿ, ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟೇ ಗ್ರೀಸ್ ಸವರಿದರು. ಹೆಚ್ಚಾದರೆ ಅದು ಪಾಯಿಂಟಿಗೆ ಸಿಡಿದು ಸುಟ್ಟು ಕಪ್ಪಾಗುತ್ತದೆ ಎಂದು ಎರಡು ಬಾರಿ ಹೇಳಿದರು.

ಹೊಸ ಸೆಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು, ಹಳೆಯ ಸ್ಟಾಕಿನ ಲ್ಯೂಕಾಸ್ ಟಿವಿಎಸ್ ಪಾಯಿಂಟ್ ಮತ್ತು ಕಂಡೆನ್ಸರ್ ತಂದೆ. ಎರಡಕ್ಕೂ ಸೇರಿ 640 ರೂಪಾಯಿ ಆಯಿತು. ಪಾಯಿಂಟುಗಳ ಮುಖ ಒಂದರ ಮೇಲೊಂದು ತಟ್ಟೆಯ ಮೇಲೆ ತಟ್ಟೆ ಕೂತಂತೆ ಕೂರುತ್ತದೆ, ಹೀಲ್ ಗಟ್ಟಿಯಾಗಿದೆ, ಕಂಡೆನ್ಸರ್ 0.21 ತೋರಿಸಿತು. ಹಳೆಯ ಸ್ಟಾಕ್ ಎಂದ ಮಾತ್ರಕ್ಕೆ ಕಂಡೆನ್ಸರ್ ಚೆನ್ನಾಗಿಯೇ ಇರುತ್ತದೆ ಎಂದು ನಂಬಬಾರದು, ವರ್ಷಗಟ್ಟಲೆ ಕಪಾಟಿನಲ್ಲಿ ಕೂತು ಒಳಗೆ ತೇವ ಹಿಡಿದಿರಬಹುದು; ಆದ್ದರಿಂದ ಮೀಟರ್ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಅಂಗಡಿಯವರು ಬೇಸರಿಸದೆ ಮೂರು ಕಂಡೆನ್ಸರ್ ಅಳೆಯಲು ಬಿಟ್ಟರು. 3.2 ಓಮಿನ ಕಾಯಿಲ್ ಕೂಡ ಅಲ್ಲೇ ಅಳೆದು ತಂದೆ. ಪಾಯಿಂಟನ್ನೇ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಎಂದವರಿದ್ದಾರೆ. ಘಾಟಿಯ ನಡುವೆ ಒಂದು ಸ್ಕ್ರೂಡ್ರೈವರಿನಲ್ಲಿ ಸರಿಮಾಡಿಕೊಂಡು ಮನೆ ಸೇರಿಸಿದ ಪಾಯಿಂಟನ್ನು ಬಿಡಲು ನನಗೆ ಮನಸ್ಸಿಲ್ಲ.

ರಿಪೇರಿಗೆ ಕೊಟ್ಟದ್ದು 1,400 ರೂಪಾಯಿ, ಬುಷ್ ಮಾಡಿಸಿದ ಲೇತ್ ಕೆಲಸವೂ ಅದರಲ್ಲೇ ಸೇರಿತ್ತು. ಎರಡು ದಿನ ಎಂದದ್ದು ಆರು ದಿನವಾಯಿತು, ಬಿಲ್ ಕೊಡುವ ಪದ್ಧತಿ ಅಲ್ಲಿಲ್ಲ, ಫೋನ್ ಮಾಡಿದರೆ ಎತ್ತುವುದೂ ಅಪರೂಪ; ಕಾಯಲಾಗದವರಿಗೆ ಇದು ಕಷ್ಟವಾಗಬಹುದು. ಡ್ವೆಲ್ ಮೀಟರ್ (ಪಾಯಿಂಟ್ ಮುಚ್ಚಿರುವಾಗ ಕ್ಯಾಮ್ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ತೋರಿಸುವ ಮೀಟರ್) ಅವರ ಬಳಿ ಇರಲಿಲ್ಲ. ಮನೆಗೆ ಬಂದ ಮೇಲೆ ನಾನೇ ನೋಡಿದಾಗ ಇರಬೇಕಾದ 60 ಡಿಗ್ರಿಗೆ ಒಂದೇ ಡಿಗ್ರಿ ಕಡಿಮೆ ಇತ್ತು, ಫೀಲರ್ ಗೇಜ್ ಒಂದನ್ನೇ ನಂಬಿ ಮಾಡಿದ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದನ್ನು ಕೇಳಲಾರೆ. ಅಂದಿನಿಂದ ಗಾಡಿ 4,600 ಕಿಲೋಮೀಟರ್ ಓಡಿದೆ, ಆಗುಂಬೆಯನ್ನು ಎರಡು ಬಾರಿ ಹತ್ತಿದೆ. ಕಳೆದ ಭಾನುವಾರ ಕ್ಯಾಪ್ ತೆಗೆದು ನೋಡಿದೆ: ಸಂದು 15 ಥೌನಿಂದ 14ಕ್ಕೆ ಇಳಿದಿದೆ, ಪಾಯಿಂಟಿನ ಮುಖ ಬೂದು ಬಣ್ಣಕ್ಕೆ ತಿರುಗಿದೆ, ಕುಳಿಯಿಲ್ಲ, ನೀಲಿ ಇಲ್ಲ.