ಜರ್ಮನಿಗೆ ಹೊರಡುವ ನರ್ಸುಗಳಿಗೆ ಮಂಗಳೂರಿನ ಒಂದು ಏಜೆನ್ಸಿ: ಹನ್ನೊಂದು ತಿಂಗಳ ಅನುಭವ

ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಆರು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದ ಮೇಲೆ, ಜರ್ಮನಿಗೆ ಹೋಗುವ ಉದ್ದೇಶದಿಂದ ಕಳೆದ ವರ್ಷ ಮಂಗಳೂರಿನ ಒಂದು ಏಜೆನ್ಸಿಗೆ ಸೇರಿದೆ. ಭಾಷೆ ಕಲಿಸುವುದು, ಕಾಗದಪತ್ರ ಸಿದ್ಧಪಡಿಸುವುದು, ಕೆಲಸ ಹುಡುಕಿಕೊಡುವುದು ಈ ಮೂರನ್ನೂ ಅವರೇ ವಹಿಸಿಕೊಳ್ಳುತ್ತಾರೆ. ಆದರೆ ಮೂರಕ್ಕೂ ಒಂದೇ ಅಂಕ ಕೊಡಲು ನನ್ನಿಂದಾಗದು.

ತರಗತಿ ನಿಜಕ್ಕೂ ಚೆನ್ನಾಗಿದೆ. ನೈಟ್ ಡ್ಯೂಟಿ ಮುಗಿಸಿ ಬರುವವರಿಗಾಗಿ ಪ್ರತ್ಯೇಕ ಬ್ಯಾಚ್ ಇದೆ. ಬಿ1 ಹಂತದಲ್ಲಿ (ಭಾಷಾಮಟ್ಟಗಳಲ್ಲಿ ಮಧ್ಯಮ ಹಂತ; ಇದರ ಮುಂದಿನದು ಬಿ2) ನಮ್ಮ ಮೇಡಂ ಪುಸ್ತಕವನ್ನು ಬದಿಗಿಟ್ಟು, ಪ್ಲಾಸ್ಟಿಕ್ ಕುರ್ಚಿಗಳನ್ನು ವಾರ್ಡಿನ ಬೆಡ್ಡುಗಳಂತೆ ಸಾಲಾಗಿ ಹಾಕಿಸಿ, ಒಬ್ಬೊಬ್ಬರಿಂದಲೂ ಜರ್ಮನ್ ಭಾಷೆಯಲ್ಲೇ ಹ್ಯಾಂಡ್‌ಓವರ್ (ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಯ ವಿವರ ಒಪ್ಪಿಸುವುದು) ಕೊಡಿಸುತ್ತಿದ್ದರು. ರೋಗಿಯಾಗಿ ಕುಳಿತ ಸಹಪಾಠಿ ‘ಮಿಯರ್ ಇಸ್ಟ್ ಶ್ವಿಂಡ್ಲಿಶ್’ ಎಂದೊಡನೆ, ತಲೆ ಸುತ್ತುತ್ತಿದೆ ಎಂದು ಅರ್ಥಮಾಡಿಕೊಂಡು ಬಿಪಿ ನೋಡಲು ಮುಂದಾಗುವಷ್ಟು ರೂಢಿಯಾಯಿತು. ಜರ್ಮನ್ ಭಾಷಾ ಸಂಸ್ಥೆಯಾದ ಗ್ಯೋಥೆ ಇನ್‌ಸ್ಟಿಟ್ಯೂಟ್ ನಡೆಸುವ ಬಿ1 ಪರೀಕ್ಷೆಯ ನಾಲ್ಕು ಭಾಗಗಳಲ್ಲಿಯೂ ತಲಾ 60 ಅಂಕ ಬೇಕು. ಮಾತನಾಡುವ ಭಾಗದಲ್ಲಿ ನಾನು ತೇರ್ಗಡೆಯಾದದ್ದು ಆ ಕುರ್ಚಿಗಳ ವಾರ್ಡಿನಿಂದಾಗಿ.

ಕೆಲಸದ ವಿಷಯದಲ್ಲಿ ಮಾತ್ರ ಬಾಯಿಮಾತಿಗೂ ಕಾಗದಕ್ಕೂ ಹೊಂದಿಕೆ ಇರಲಿಲ್ಲ. ಆಸ್ಪತ್ರೆ ಎಂದು ಹೇಳಿದ್ದರು. ಕೈಗೆ ಬಂದ ಒಪ್ಪಂದದಲ್ಲಿ ಇದ್ದದ್ದು ವೃದ್ಧರ ಆರೈಕೆಯ ಗೃಹ. ನಮ್ಮ ಪದವಿಗೆ ಅಲ್ಲಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಭಾಷಾಮಟ್ಟದ ಜೊತೆಗೆ ಜ್ಞಾನಪರೀಕ್ಷೆಯನ್ನೋ ಹೊಂದಾಣಿಕೆ ತರಬೇತಿಯನ್ನೋ ಮುಗಿಸಬೇಕಾಗುತ್ತದೆ, ಅಲ್ಲಿಯವರೆಗೆ ಸಹಾಯಕರ ದರ್ಜೆಯ ಸಂಬಳವೇ ಎಂಬುದನ್ನು ಸಂದರ್ಶನ ಮುಗಿದ ಮೇಲೆ ತಿಳಿಸಿದರು. ಇಲ್ಲಿ ಆಯಾಗಳೋ ಮನೆಯವರೋ ಮಾಡುವ ಮೈ ಒರೆಸುವ, ಊಟ ಮಾಡಿಸುವ ಕೆಲಸವೂ ಅಲ್ಲಿ ನರ್ಸಿನದೇ. ಆ ಕೆಲಸ ಕೀಳೆಂದು ನಾನು ಖಂಡಿತ ಹೇಳುವುದಿಲ್ಲ. ವೆಂಟಿಲೇಟರ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರಿಗೆ ಅದು ಮೊದಲೇ ತಿಳಿದಿರಬೇಕು, ಅಷ್ಟೆ.

ನನಗೆ ಅತ್ಯಂತ ನೋವಾದದ್ದು ಮೂಲ ಅಂಕಪಟ್ಟಿ ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರವನ್ನು ಅವರು ತಮ್ಮಲ್ಲೇ ಇಟ್ಟುಕೊಂಡದ್ದು. ಮರಳಿ ಪಡೆಯಲು ಮೂರು ವಾರ ಅಲೆದೆ. ನಕಲುಗಳನ್ನಷ್ಟೇ ಕೊಡಿ. ಶುಲ್ಕದ ವಿಷಯದಲ್ಲಿಯೂ ಎಚ್ಚರ ಬೇಕು: ನೋಂದಾಯಿತ ಏಜೆಂಟರು ವಿದೇಶಿ ನೇಮಕಾತಿಗೆ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನನ್ನ ರಸೀದಿಯಲ್ಲಿ ‘ಇತರ ಸೇವೆ’ ಎಂಬ ಹೆಸರಿನಲ್ಲಿ ಇನ್ನೊಂದು ಮೊತ್ತವಿತ್ತು. ಕಾಸರಗೋಡಿನ ಸಹಪಾಠಿಯ ತಂಗಿ ಕೇರಳ ಸರ್ಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾ ಮೂಲಕ, ಜರ್ಮನಿಗೆ ನರ್ಸುಗಳನ್ನು ನೇಮಿಸಿಕೊಳ್ಳುವ ಟ್ರಿಪಲ್ ವಿನ್ ಯೋಜನೆಗೆ ಆಯ್ಕೆಯಾಗಿದ್ದಾಳೆ. ಅವಳಿಗೆ ಬಿ1ವರೆಗಿನ ಭಾಷಾ ತರಬೇತಿಯೂ ಉಚಿತ.

ಭಾಷೆ ಕಲಿಯಲು ಮಾತ್ರವಾದರೆ ಈ ಸಂಸ್ಥೆಗೆ ನಾನು ಮತ್ತೆ ಸೇರುತ್ತೇನೆ. ನೇಮಕಾತಿಗಾದರೆ, ಮೊದಲು ವಿದೇಶಿ ಉದ್ಯೋಗಕ್ಕಾಗಿ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆನ್ಸಿಯ ನೋಂದಣಿ ಸಂಖ್ಯೆ ನೋಡುತ್ತೇನೆ, ಅವಧಿಗೆ ಮುನ್ನ ಕೆಲಸ ಬಿಟ್ಟರೆ ಎಷ್ಟು ಹಣ ಹಿಂದಿರುಗಿಸಬೇಕೆಂಬ ಷರತ್ತನ್ನು ಅನುವಾದ ಮಾಡಿಸಿ ಓದುತ್ತೇನೆ. ವೀಸಾ ಬರುವ ಮೊದಲೇ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ ನನ್ನ ಬ್ಯಾಚಿನ ಇಬ್ಬರು ಐದು ತಿಂಗಳಿನಿಂದ ಸಂಬಳವಿಲ್ಲದೆ ಮನೆಯಲ್ಲಿದ್ದಾರೆ.