‘ಬೋರ್ಡ್ ಹೋಗಿದೆ’ ಅಂದರೆ ನಂಬಬೇಡಿ, ಮೊದಲು ಪೋರ್ಟ್ ಬದಲಿಸಿ ನೋಡಿ

ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಬಾಕ್ಸ್) ಕೆಟ್ಟಿದೆ ಅಂತ ಯಾರಿಗಾದರೂ ನಿಮ್ಮ ಕಂಪ್ಯೂಟರ್‌ನ ರಿಮೋಟ್ ಆಕ್ಸೆಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಡೆಸ್ಕ್‌ಟಾಪ್, ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್‌ನ ಯುಎಸ್‌ಬಿ ಬಾಕ್ಸ್. ಮೂರು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಮೇಜು ಸರಿಸಿ ವೈರೆಲ್ಲ ಮತ್ತೆ ಜೋಡಿಸಿದ ಮೇಲೆ ಶುರುವಾಯಿತು. ಮಾತಿನ ನಡುವೆ ತರಗೆಲೆ ತುಳಿದ ಹಾಗೆ ಚರಚರ ಸದ್ದು. ಮೈಕ್‌ಗೆ ಕರೆಂಟ್ ಕೊಡುವ 48 ವೋಲ್ಟ್ ಬಟನ್ ಒತ್ತಿದರೆ ಕೆಲವು ಸಲ ಬಾಕ್ಸ್‌ನ ದೀಪವೇ ಆರಿ ಮತ್ತೆ ಹತ್ತುತ್ತಿತ್ತು.

ದುರಸ್ತಿ ಮಾಡುತ್ತೇನೆ ಅಂದ ಒಬ್ಬರಿಗೆ ಸರ್ವಿಸ್ ಚಾರ್ಜ್ ಮೊದಲೇ ಕಳಿಸಿ ಆಕ್ಸೆಸ್ ಕೊಟ್ಟೆ. ದೀಪ ಆರುತ್ತದೆ ಅಂತ ಎರಡು ಸಲ ಹೇಳಿದೆ. ಎರಡು ಸಲ! ಕೇಬಲ್ ಎಲ್ಲಿಗೆ ಹಾಕಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲ. ಕಂಪನಿಯ ಡ್ರೈವರ್ ತೆಗೆದರು, ಇನ್ಯಾವುದೋ ಡ್ರೈವರ್ ಹಾಕಿದರು. ನನ್ನ ಕಣ್ಣೆದುರೇ ಮೌಸ್ ಓಡಿತು, ಬಫರ್ ಸೈಜ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕುಗಳ, ಅಂದರೆ ಸ್ಯಾಂಪಲ್‌ಗಳ ಸಂಖ್ಯೆ) 128 ಇದ್ದದ್ದು 1024 ಆಯಿತು. ‘ಈಗ ಮಾತಾಡಿ ಸರ್’ ಅಂದರು. ಮಾತಾಡಿದೆ. ನನ್ನ ದನಿ ಹೆಡ್‌ಫೋನ್‌ನಲ್ಲಿ ತಡವಾಗಿ ಬಂತು.

‘ಕೇಳಿಸ್ತಾ ಸರ್? ದನಿ ಹಿಂದೆ ಬೀಳ್ತಿದೆ. ಬೋರ್ಡ್ ಹೋಗಿದೆ. ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ. ನಾನೇ ಕಳಿಸ್ತೀನಿ.’

ನಾನು ನಂಬಿದೆ. ಈಗ ನೆನೆದರೆ ಮೈ ಉರಿಯುತ್ತದೆ. ಬಫರ್ 1024 ಅಂದರೆ 48000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48000 ಸ್ಯಾಂಪಲ್ ಲೆಕ್ಕದಲ್ಲಿ, ಸುಮಾರು 21 ಮಿಲಿಸೆಕೆಂಡ್. ದನಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. 40 ದಾಟಿತಲ್ಲ, ತಡವಾಗದೆ ಇನ್ನೇನು? 128ರಲ್ಲಿ ಒಂದು ಸಲಕ್ಕೆ 3 ಮಿಲಿಸೆಕೆಂಡ್ ಕೂಡ ಇರಲಿಲ್ಲ. ಆ ತಡವನ್ನು ತಂದವರು ಅವರೇ, ಅದನ್ನೇ ತೋರಿಸಿ ಬೋರ್ಡ್ ಹೋಗಿದೆ ಅಂದವರೂ ಅವರೇ.

ಹೊಸ ಬಾಕ್ಸ್ ಬಂತು. ಅದೇ ಚರಚರ. ಕೇಳಿದರೆ, ‘ಹೊಸದಲ್ವಾ ಸರ್, ಒಂದು ವಾರ ಬಳಸಿ, ಸೆಟ್ ಆಗುತ್ತೆ.’ ಸೆಟ್ ಆಗೋಕೆ ಅದೇನು ಹೊಸ ಚಪ್ಪಲಿಯಾ?

ಕೊನೆಗೆ ಸೌಂಡ್ ಕೆಲಸ ಮಾಡುವ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ‘ಯಾವ ಪೋರ್ಟ್‌ಗೆ ಹಾಕಿದ್ದೀಯ?’ ಮೇಜಿನ ಕೆಳಗೆ ತೂರಿ ನೋಡಿದೆ. ವೈರ್ ಜೋಡಿಸುವಾಗ ಬಾಕ್ಸನ್ನು ಸ್ವಂತ ಪವರ್ ಅಡಾಪ್ಟರ್ ಇಲ್ಲದ ಒಂದು ಹಬ್‌ಗೆ (ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಡಬ್ಬಿ) ಹಾಕಿಬಿಟ್ಟಿದ್ದೆ. ಅದರಲ್ಲೇ ವೆಬ್‌ಕ್ಯಾಮ್, ಅದರಲ್ಲೇ ಹಾರ್ಡ್ ಡಿಸ್ಕ್. ಯುಎಸ್‌ಬಿ 2.0 ಪೋರ್ಟ್‌ನ ಲೆಕ್ಕ 5 ವೋಲ್ಟ್, 500 ಮಿಲಿಆಂಪಿಯರ್. ಅಷ್ಟರಲ್ಲೇ ಎಲ್ಲವೂ ಹಂಚಿಕೊಳ್ಳಬೇಕು, ಮೈಕ್‌ನ 48 ವೋಲ್ಟ್ ಕೂಡ ಅಲ್ಲಿಂದಲೇ ಹುಟ್ಟಬೇಕು.

ಸಿಪಿಯು ಹಿಂಭಾಗದ ಪೋರ್ಟ್‌ಗೆ ನೇರ ಹಾಕಿದೆ. ಸದ್ದು ನಿಂತಿತು. ಡ್ರಾಯರ್‌ನಲ್ಲಿದ್ದ ಹಳೆಯ ಬಾಕ್ಸ್ ತೆಗೆದೆ, ಕಂಪನಿಯ ಡ್ರೈವರ್ ಹಾಕಿದೆ, ಬಫರ್ 128 ಮಾಡಿದೆ. ಅರ್ಧ ಗಂಟೆ ಓದಿದೆ. ಒಂದು ಚೂರು ಸದ್ದಿಲ್ಲ. ‘ಹೋಗಿದ್ದ’ ಬೋರ್ಡ್ ಇದೇ! ಮೇಜಿನ ಕೆಳಗೆ ಹಾಗೇ ಕುಳಿತುಬಿಟ್ಟೆ.

ಹೊಸದನ್ನು ವಾಪಸ್ ತಗೊಳ್ಳಿ ಅಂತ ಮೆಸೇಜ್ ಹಾಕಿದೆ. ಬಂದ ಉತ್ತರ: ‘ಸೀಲ್ ಒಡೆದಿದ್ದೀರಲ್ಲ ಸರ್.’ ಹಳೆಯದು ಚೆನ್ನಾಗೇ ಇತ್ತಲ್ಲ ಅಂದೆ. ‘ಆವತ್ತು ನನಗೆ ಕೇಳಿಸಿದ್ದನ್ನ ಹೇಳಿದೆ. ಈಗ ಎರಡೂ ಕೆಲಸ ಮಾಡ್ತಿದೆ ಅಲ್ವಾ, ಒಳ್ಳೇದೇ ಆಯ್ತು.’ ಒಳ್ಳೇದಾಯ್ತಂತೆ! ಆಮೇಲೆ ಕಳಿಸಿದ ನಾಲ್ಕು ಮೆಸೇಜ್ ಓದಿದ್ದಾರೆ, ಉತ್ತರವಿಲ್ಲ.

ಹಬ್ ತೆಗೆಯಿರಿ. ಕೇಬಲ್ ಬದಲಿಸಿ. ಸಾಧ್ಯವಾದರೆ ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವ ಲೆಕ್ಕ) ಡ್ರೈವರ್‌ನಲ್ಲಿ 44100, ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 48000 ಅಂತ ಬೇರೆಬೇರೆ ಇದೆಯಾ ನೋಡಿ. ಯಾರಾದರೂ ನಿಮ್ಮ ಬಫರ್ ಮುಟ್ಟಿದರೆ ಯಾಕೆ ಅಂತ ಅಲ್ಲೇ ಕೇಳಿ, ನನ್ನ ಹಾಗೆ ಸುಮ್ನೆ ನೋಡುತ್ತಾ ಕೂರಬೇಡಿ. ಇಷ್ಟೂ ಮಾಡುವ ತನಕ ಯಾರಿಗೂ ಹಣ ಕಳಿಸಬೇಡಿ.